ಫ್ಲೈವೀಲ್ ಮ್ಯಾಗ್ನೆಟ್ ಕಳಚಿದೆ, ಅಂಟಿಸಿ ಓಡಿಸಬಹುದಾ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು. ಅಪ್ಪ ತಂದಿದ್ದ ಹಳೇ ಪೆಟ್ರೋಲ್-ಸೀಮೆಎಣ್ಣೆ ಎಂಜಿನ್ ಒಂದಿದೆ. ಮುಂಚೆ ಭದ್ರಾ ಚಾನಲ್‌ನಿಂದ ಗದ್ದೆಗೆ ನೀರೆತ್ತುತ್ತಿತ್ತು. ಸೀಮೆಎಣ್ಣೆ ಸಿಗೋದು ಕಷ್ಟ ಆದಮೇಲೆ ಪೆಟ್ರೋಲ್‌ನಲ್ಲೇ ಓಡಿಸಿಕೊಂಡು, ಅಡಿಕೆ ತೋಟಕ್ಕೆ ಬೋರ್ಡೋ ಔಷಧ ಹೊಡೆಯುವ ಪಂಪಿಗೆ ಜೋಡಿಸಿದ್ದೇನೆ. ಸ್ವಲ್ಪ ದಿನದಿಂದ ಹಗ್ಗ ಎಳೆದಾಗ ಕರಕರ ಸದ್ದು ಬರುತ್ತಿತ್ತು. ವೇಗ ಹಿಡಿದ ಮೇಲೆ ಸದ್ದು ನಿಲ್ಲುತ್ತಿತ್ತು. ಆಮೇಲೆ ಸ್ಟಾರ್ಟೇ ಆಗಲಿಲ್ಲ. ಫ್ಲೈವೀಲ್ ಬಿಚ್ಚಿಸಿ ನೋಡಿದರೆ ಒಳಗಿನ ನಾಲ್ಕು ಮ್ಯಾಗ್ನೆಟ್‌ಗಳಲ್ಲಿ ಒಂದು ಪೂರ್ತಿ ಕಳಚಿ ಪಕ್ಕದ್ದಕ್ಕೆ ಹೋಗಿ ಕಚ್ಚಿಕೊಂಡಿದೆ. ಇನ್ನೊಂದು ಅಲ್ಲಾಡುತ್ತಿದೆ. ಕಳಚಿದ್ದರ ಮೂಲೆ ಚೂರು ಹೋಗಿದೆ. ಫೆವಿಕ್ವಿಕ್ ಹಾಕಿ ಕೂರಿಸಿದೆ, ಎರಡು ದಿನಕ್ಕೆ ಮತ್ತೆ ಬಿತ್ತು. ಒಬ್ಬ ಮೆಕ್ಯಾನಿಕ್ ಗುಜರಿಗೆ ಹಾಕಿ ಅಂತಾರೆ. ಇನ್ನೊಬ್ಬರು ಮ್ಯಾಗ್ನೆಟ್ ವೀಕ್ ಆಗಿದೆ, ಚಾರ್ಜ್ ಮಾಡಿಸಿ ಅಂತಾರೆ. ಮಗ ಮೊಬೈಲ್‌ನಲ್ಲಿ ನೋಡಿ ಪವರ್ ಜಾಸ್ತಿ ಇರೋ ಮ್ಯಾಗ್ನೆಟ್ ತರಿಸ್ತೀನಿ ಅಂತಾನೆ. ಇದು ರಿಪೇರಿ ಆಗುತ್ತಾ? ಅಂಟಿಸಿದರೆ ಅಪಾಯ ಇದೆಯಾ?

ಉತ್ತರ: ರಿಪೇರಿ ಆಗುತ್ತೆ. ನಿಮ್ಮ ಪತ್ರದಲ್ಲಿ ಇರುವ ಒಂದೇ ಒಂದು ಪದದಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಮ್ಯಾಗ್ನೆಟ್‌ಗಳು "ಒಳಗಿನ"ವು ಅಂತ ಬರೆದಿದ್ದೀರಿ. ಅವು ವೀಲ್‌ನ ಹೊರಮೈಯಲ್ಲಿ ಇದ್ದಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಆ ಫ್ಲೈವೀಲ್ ಬಿಸಾಕಿ, ಬೇರೆ ಹಾಕಿ ಅನ್ನುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ಸಣ್ಣ ಎಂಜಿನ್‌ಗಳಲ್ಲಿ ಮ್ಯಾಗ್ನೆಟ್ ಕೂರಿಸುವುದು ಮುಖ್ಯವಾಗಿ ಎರಡು ಥರ. ನಿಮ್ಮಂಥ ಹಳೇ ಎಂಜಿನ್‌ನಲ್ಲಿ, ಹಳೇ ಮೊಪೆಡ್‌ಗಳಲ್ಲಿ, ಫ್ಲೈವೀಲ್ ಒಂದು ಬೋಗುಣಿ ಆಕಾರದಲ್ಲಿ ಇರುತ್ತೆ. ಅದರ ಅಂಚಿನ ಒಳಗೋಡೆಗೆ ಮ್ಯಾಗ್ನೆಟ್ ಇರುತ್ತೆ. ಕಿಡಿಗೆ ಕರೆಂಟ್ ಹುಟ್ಟಿಸುವ ತಂತಿ ಸುರುಳಿ (ಕಾಯಿಲ್), ಆ ಕರೆಂಟನ್ನು ಸರಿಯಾದ ಹೊತ್ತಿಗೆ ಕಡಿಯುವ ಸ್ವಿಚ್ (ಪಾಯಿಂಟ್), ಅದು ಸುಡದಂತೆ ಕಾಯುವ ಕಂಡೆನ್ಸರ್ ಎಲ್ಲ ಆ ಬೋಗುಣಿಯ ಒಳಗೆ. ಈಚಿನ ಎಂಜಿನ್‌ಗಳಲ್ಲಿ ಕಾಯಿಲ್ ಹೊರಗೆ ಇರುತ್ತೆ, ಮ್ಯಾಗ್ನೆಟ್ ವೀಲ್‌ನ ಹೊರ ಅಂಚಿನಲ್ಲಿ ಒಂದು ಕಡೆ ಕೂತಿರುತ್ತೆ.

ಈಗ ತಿರುಗುವ ವೇಗ ಲೆಕ್ಕ ಹಾಕಿ. ನಿಮಿಷಕ್ಕೆ 3000 ಸುತ್ತು ಅಂದುಕೊಳ್ಳಿ. ಮಧ್ಯದಿಂದ 7 ಸೆಂಟಿಮೀಟರ್ ದೂರದಲ್ಲಿ 100 ಗ್ರಾಂ ತೂಕದ ಮ್ಯಾಗ್ನೆಟ್ ಇದ್ದರೆ ಅದು ಹೊರಕ್ಕೆ ಒತ್ತುವ ಬಲ ಹತ್ತಿರಹತ್ತಿರ 70 ಕೆಜಿ ಭಾರಕ್ಕೆ ಸಮ. 3600 ಸುತ್ತಿಗೆ ಅದೇ 100 ಕೆಜಿ ಮುಟ್ಟುತ್ತೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತೆ. ಒಳಗೋಡೆಯ ಮ್ಯಾಗ್ನೆಟ್ ಆದರೆ ಈ ಬಲವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತೆ. ಅಂಟು ಮಾಡಬೇಕಾದ ಕೆಲಸ ಇಷ್ಟೇ: ಪಕ್ಕಕ್ಕೆ ಜಾರದಂತೆ, ಎಂಜಿನ್ ನಿಂತಾಗ ಕೆಳಗೆ ಬೀಳದಂತೆ ನೋಡಿಕೊಳ್ಳುವುದು. ಹೊರಮೈಯ ಮ್ಯಾಗ್ನೆಟ್ ಹಾಗಲ್ಲ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆ ಕಲ್ಲಿನಂತೆ ಅದು ಸದಾ ಹೊರಗೆ ಹಾರಲು ನೋಡುತ್ತಿರುತ್ತೆ. ಅಲ್ಲಿ ಅಂಟು ಬಿಟ್ಟರೆ ತಗಡಿನ ಕವರ್ ಹರಿದು ಬರಬಹುದು, ಎದುರಿಗೆ ಕಾಲಿದ್ದರೆ ಕಾಲಿಗೆ ಬಡಿಯಬಹುದು.

ನಿಮ್ಮ ಎಂಜಿನ್‌ನ ಸದ್ದೂ ಇದನ್ನೇ ಹೇಳುತ್ತಿದೆ ನೋಡಿ. ಹಗ್ಗ ಎಳೆದಾಗ ಕರಕರ, ವೇಗ ಹಿಡಿದ ಮೇಲೆ ಮೌನ. ನಿಧಾನ ತಿರುಗುವಾಗ ಸಡಿಲ ಮ್ಯಾಗ್ನೆಟ್ಟನ್ನು ಕಾಯಿಲ್ ಒಳಗಿನ ಕಬ್ಬಿಣದ ಕೋರ್ ತನ್ನ ಕಡೆ ಎಳೆದುಕೊಳ್ಳುತ್ತೆ, ಅದು ಉಜ್ಜುತ್ತೆ. ವೇಗ ಹೆಚ್ಚಿದಾಗ ಅದೇ ಮ್ಯಾಗ್ನೆಟ್ ಗೋಡೆಗೆ ಹೋಗಿ ಒತ್ತಿಕೊಳ್ಳುತ್ತೆ, ಸದ್ದು ನಿಲ್ಲುತ್ತೆ. ಬೇರಿಂಗ್ ಹೋಗಿ ಬರುವ ಸದ್ದಾದರೆ ಹೀಗೆ ವೇಗಕ್ಕೆ ಮಾಯ ಆಗುವುದಿಲ್ಲ.

ಅಂದಮೇಲೆ ಗುಜರಿ ಮಾತು ಈಗಲೇ ಬೇಡ. ಆದರೆ ಅಂಟು ತರುವ ಮುಂಚೆ ಅದು ಯಾಕೆ ಬಿಟ್ಟಿತು ಅಂತ ತಿಳಿಯಬೇಕು. ಇಲ್ಲದಿದ್ದರೆ ಇದೇ ಕೆಲಸ ಮುಂದಿನ ಸೀಸನ್‌ಗೆ ಮತ್ತೆ ಬರುತ್ತೆ.

ಕಳಚಿದ ಮ್ಯಾಗ್ನೆಟ್‌ನ ಬೆನ್ನು, ಅದು ಕೂತಿದ್ದ ಜಾಗ, ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಫೆವಿಕ್ವಿಕ್‌ನ ಬಿಳಿ ಪೊರೆ ಕೆರೆದು ತೆಗೆದ ಮೇಲೆ ಹಳೇ ಅಂಟಿನ ಗುರುತು ಸಿಗುತ್ತೆ. ಹಳೇ ಅಂಟೆಲ್ಲ ಮ್ಯಾಗ್ನೆಟ್‌ನ ಬೆನ್ನಿಗೇ ಉಳಿದಿದ್ದು, ಕಬ್ಬಿಣದ ಕಡೆ ಕಂದು ಪುಡಿ ಇದ್ದರೆ ತುಕ್ಕು ಕಾರಣ. ತುಕ್ಕು ಸುಮ್ನೆ ಕೂರುವುದಿಲ್ಲ. ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತೆ, ಅಂಟಿನ ಅಡಿಯಿಂದ ಉಬ್ಬಿ ಮ್ಯಾಗ್ನೆಟ್ಟನ್ನು ಮೇಲೆತ್ತುತ್ತೆ. ಅಂಟು ಎರಡೂ ಕಡೆ ಹರಿದು ಉಳಿದಿದ್ದರೆ ಯಾರೋ ಏಟು ಕೊಟ್ಟಿದ್ದಾರೆ ಅಂತ. ಅಂಟು ಕಪ್ಪಗಾಗಿ, ಉಗುರಿನಲ್ಲಿ ಒತ್ತಿದರೆ ಪುಡಿಪುಡಿ ಆದರೆ ಬಿಸಿ ಕಾರಣ.

ನಿಮ್ಮದರಲ್ಲಿ ನನಗೆ ತುಕ್ಕಿನ ಮೇಲೆ ಅನುಮಾನ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ತಾಮ್ರದ ಉಪ್ಪು ಕಬ್ಬಿಣಕ್ಕೆ ತಾಗಿದರೆ ತುಕ್ಕು ಬೇಗ ಹಿಡಿಯುತ್ತೆ. ಔಷಧ ಹೊಡೆಯುವಾಗ ಎಂಜಿನ್ ಪಕ್ಕದಲ್ಲೇ ಡ್ರಮ್ಮು ಇರುತ್ತೆ, ಪೈಪಿನ ಜಾಯಿಂಟ್ ಚಿಮ್ಮುತ್ತಿರುತ್ತೆ, ಫ್ಲೈವೀಲ್ ಫ್ಯಾನು ಆ ಹನಿಯನ್ನೆಲ್ಲ ಎಳೆದುಕೊಳ್ಳುತ್ತೆ. ಮುಂದಿನ ಸಲ ಎಂಜಿನ್ನನ್ನು ಡ್ರಮ್ಮಿನಿಂದ ದೂರ, ಗಾಳಿ ಬರುವ ಕಡೆಗೆ ಇಡಿ. ಉದ್ದ ಹೋಸ್ ಇದ್ದೇ ಇರುತ್ತಲ್ವಾ.

ಎರಡನೇ ಅನುಮಾನ ಸುತ್ತಿಗೆ. ಇದನ್ನು ಹೇಳಿದರೆ ನಮ್ಮ ಕಡೆ ಕೆಲವರಿಗೆ ಬೇಜಾರಾಗುತ್ತೆ, ಆದರೂ ಹೇಳುತ್ತೇನೆ. ಫ್ಲೈವೀಲ್ ಬಿಚ್ಚಲು ಪುಲ್ಲರ್ (ವೀಲನ್ನು ಎಳೆದು ಬಿಡಿಸುವ ಸಾಧನ) ಹುಡುಕುವ ಬದಲು ನಟ್ ಸಡಿಲ ಮಾಡಿ, ಅಂಚಿಗೆ ಎರಡು ಏಟು ಹಾಕುವ ಅಭ್ಯಾಸ ತುಂಬಾ ಹಳೆಯದು. ವೀಲ್ ಬಿಟ್ಟುಕೊಳ್ಳುತ್ತೆ, ನಿಜ. ಜೊತೆಗೆ ಮ್ಯಾಗ್ನೆಟ್‌ನ ಅಂಟೂ ಒಳಗೇ ಬಿರುಕು ಬಿಡುತ್ತೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಆರು ತಿಂಗಳು ಬಿಟ್ಟು ಕರಕರ ಶುರು. ವೀಲ್ ಕೂತಿರುವ ಕ್ರ್ಯಾಂಕ್ ಶಾಫ್ಟ್‌ನ ತುದಿಯ ಥ್ರೆಡ್, ಬೇರಿಂಗ್, ಆಯಿಲ್ ಸೀಲ್‌ಗೂ ಆ ಏಟು ಒಳ್ಳೆಯದಲ್ಲ. ನಿಮ್ಮ ಹಿಂದಿನ ಸರ್ವಿಸ್‌ನಲ್ಲಿ ಹೇಗೆ ಬಿಚ್ಚಿದ್ದರು ಅಂತ ನೆನಪಿದೆಯಾ? ವೀಲ್ ಅಂಚಿನಲ್ಲಿ ಚಪ್ಪಟೆ ಗುಳಿ ಕಂಡರೆ ಉತ್ತರ ಅಲ್ಲೇ ಇದೆ.

ಮೂರನೆಯದು, ಕೋರ್ ಉಜ್ಜುವಿಕೆ. ಕಾಯಿಲ್‌ನ ತಗಡಿನ ಪದರಗಳ ತುದಿ ನೋಡಿ. ಒಂದೇ ಒಂದು ತುದಿ ಹೊಳೆಯುತ್ತಿದ್ದರೆ ಅದರ ಎದುರು ಕಡೆಗೆ ಕ್ರ್ಯಾಂಕ್ ವಾಲುತ್ತಿದೆ, ಇಲ್ಲವೇ ಕಾಯಿಲ್ ಪ್ಲೇಟ್‌ನ ಸ್ಕ್ರೂ ಸಡಿಲ ಇದೆ. ಎಲ್ಲ ತುದಿಯೂ ಒಂದೇ ಸಮ ಗೀರು ಬಿದ್ದಿದ್ದರೆ ಅದು ಕಳಚಿದ ಮ್ಯಾಗ್ನೆಟ್‌ನ ಕೆಲಸ. ವೀಲ್ ತೆಗೆದಿರುವಾಗಲೇ ಕ್ರ್ಯಾಂಕ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಟಕ್ ಟಕ್ ಅಂತ ಸಿಕ್ಕರೆ ಬೇರಿಂಗ್ ಮೊದಲು ಬದಲಾಗಬೇಕು. ಬೇರಿಂಗ್ ಬಿಟ್ಟು ಮ್ಯಾಗ್ನೆಟ್ ಅಂಟಿಸಿದರೆ ಅಂಟಿಸಿದ್ದು ವ್ಯರ್ಥ.

ಇನ್ನು ನಿಮಗೆ ಸಿಕ್ಕ ಸಲಹೆಗಳ ಮಾತು.

ಮ್ಯಾಗ್ನೆಟ್ ಚಾರ್ಜ್ ಮಾಡಿಸಿ ಅಂದವರು ಪೂರ್ತಿ ತಪ್ಪಲ್ಲ. ಅವರು ಕಲಿತಿದ್ದು ಹಳೇ ಕಾಲದ ಉಕ್ಕಿನ ಮ್ಯಾಗ್ನೆಟ್ ಮೇಲೆ, ಅಲ್ನಿಕೋ ಮೇಲೆ ಇರಬೇಕು. ಅಲ್ನಿಕೋ ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ ಲೋಹ. ಅವು ನಿಜಕ್ಕೂ ಶಕ್ತಿ ಕಳೆದುಕೊಳ್ಳುತ್ತವೆ. ಹಳೇ ಎಂಜಿನ್‌ಗಳಲ್ಲಿ ವೀಲ್ ಬಿಚ್ಚಿದ ತಕ್ಷಣ ಮ್ಯಾಗ್ನೆಟ್‌ಗಳ ಮುಖಕ್ಕೆ ಕಬ್ಬಿಣದ ಪಟ್ಟಿ ಅಡ್ಡ ಹಾಕಿ ಇಡುತ್ತಿದ್ದುದು ಅದಕ್ಕೇ. ಆದರೆ ನಿಮ್ಮದರ ಮೂಲೆ ಚೂರು ಹೋಗಿದೆ ಅಂದಿದ್ದೀರಿ. ಮುರಿದ ಜಾಗ ಕಪ್ಪು ಬೂದು ಬಣ್ಣದಲ್ಲಿ, ಪಿಂಗಾಣಿ ಥರ ಒರಟಾಗಿ ಕಂಡರೆ ಅದು ಫೆರೈಟ್. ಇನ್ನೂ ಅನುಮಾನ ಇದ್ದರೆ ಮಲ್ಟಿಮೀಟರ್ ಎರಡು ತಂತಿ ಅದರ ಮೇಲಿಡಿ. ಅಲ್ನಿಕೋ ಲೋಹ, ಮೀಟರ್ ಬೀಪ್ ಅನ್ನುತ್ತೆ. ಫೆರೈಟ್ ಅನ್ನುವುದಿಲ್ಲ. ಫೆರೈಟ್‌ಗೆ ವಯಸ್ಸಿನಿಂದ ಶಕ್ತಿ ಇಳಿಯುವುದು ಲೆಕ್ಕಕ್ಕೆ ಬರದಷ್ಟು ಕಡಿಮೆ. ಹಾಗಾಗಿ ಚಾರ್ಜ್ ಮಾಡಿಸುವ ದುಡ್ಡು ಉಳಿಸಿ.

ನಿಮ್ಮ ಪ್ಲಗ್‌ಗೆ ಕರೆಂಟ್ ಬಾರದೆ ಇದ್ದದ್ದು ಮ್ಯಾಗ್ನೆಟ್ ತನ್ನ ಜಾಗ ಬಿಟ್ಟಿದ್ದಕ್ಕೆ. ನಾಲ್ಕು ಮ್ಯಾಗ್ನೆಟ್‌ಗಳ ಒಳಮುಖ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಬದಲಾಗುತ್ತಾ ಹೋಗುತ್ತೆ. ಕೋರ್ ಮುಂದೆ ಉತ್ತರ ಹೋಗಿ ದಕ್ಷಿಣ ಬರುವ ಆ ಗಳಿಗೆಯಲ್ಲಿ ಕಾಯಿಲ್‌ನಲ್ಲಿ ಕರೆಂಟ್ ಏರಿರುತ್ತೆ, ಸರಿಯಾಗಿ ಆಗಲೇ ಪಾಯಿಂಟ್ ತೆರೆದುಕೊಳ್ಳಬೇಕು. ಆಗ ಪ್ಲಗ್‌ನಲ್ಲಿ ಸಾವಿರಾರು ವೋಲ್ಟ್ ಕಿಡಿ. ಒಂದು ಮ್ಯಾಗ್ನೆಟ್ ಜಾರಿ ಪಕ್ಕದ್ದಕ್ಕೆ ಕಚ್ಚಿಕೊಂಡರೆ ಪಾಯಿಂಟ್ ತನ್ನ ಹೊತ್ತಿಗೆ ತೆರೆಯುತ್ತೆ, ಆದರೆ ಕಾಯಿಲ್‌ನಲ್ಲಿ ಏನೂ ಇರುವುದಿಲ್ಲ.

ಮಗನ ಐಡಿಯಾ. ಅವನು ನೋಡಿದ್ದು ನಿಯೋಡಿಮಿಯಂ ಇರಬೇಕು. ಶಕ್ತಿ ಜಾಸ್ತಿ, ನಿಜ. ಆದರೆ ಅದರ ಸಾಮಾನ್ಯ ದರ್ಜೆಯ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತೆ, ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡು ಗಂಟೆ ಓಡಿ ನಿಂತ ಎಂಜಿನ್‌ಗೆ ಕೈ ಹಚ್ಚಿ ನೋಡಿದವರಿಗೆ ಇದು ಹೇಳಬೇಕಿಲ್ಲ. ಆಕಾರ ಬೇರೆ, ತೂಕ ಬೇರೆ. ಒಂದು ಕಡೆ ಹೊಸದು ಮೂರು ಕಡೆ ಹಳೇದು ಹಾಕಿದರೆ ವೀಲ್ ತೂಕ ತಪ್ಪುತ್ತೆ. ಮತ್ತೆ ಕಿಡಿ ಒಂದು ಮಟ್ಟಕ್ಕೆ ಬಂದಮೇಲೆ ಅದನ್ನು ಇನ್ನೂ ದಪ್ಪ ಮಾಡಿದರೆ ಎಂಜಿನ್ ಎಳೆತ ಹೆಚ್ಚುವುದಿಲ್ಲ. ಆಸಕ್ತಿ ಇರುವ ಹುಡುಗ, ಅವನ ಕೈಗೆ ಎಮರಿ ಪೇಪರ್ ಕೊಡಿ. ಕೆಲಸ ಮುಂದಿದೆ.

ಫೆವಿಕ್ವಿಕ್ ಯಾಕೆ ನಿಲ್ಲಲಿಲ್ಲ ಅಂದರೆ, ಅದು ಗಾಜಿನ ಹಾಗೆ ಗಡುಸು, ನಡುಕ ತಡೆಯುವುದಿಲ್ಲ. ಬಿಸಿಗೂ ತೇವಕ್ಕೂ ಬಿಡುತ್ತೆ. ಎರಡು ಮೈ ನಡುವೆ ಸಂದು ಇದ್ದರೆ ತುಂಬುವುದೂ ಇಲ್ಲ. ವೆಲ್ಡಿಂಗ್, ಬ್ರೇಜಿಂಗ್ ಮಾಡಿಸ್ತೀನಿ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ವೀಲ್ ವಾಪಸ್ ತನ್ನಿ. ಸುಮಾರು 450 ಡಿಗ್ರಿಗೆ ಫೆರೈಟ್ ಮ್ಯಾಗ್ನೆಟ್ಟಾಗಿಯೇ ಉಳಿಯುವುದಿಲ್ಲ, ಅದಕ್ಕೆ ಮುಂಚೆಯೇ ಬಿಸಿಗೆ ಸೀಳುತ್ತೆ. ಎರಕದ ವೀಲ್ ಆದರೆ ಅದೂ ಬಿರುಕು ಬಿಡುತ್ತೆ. ತೂತು ಕೊರೆದು ಸ್ಕ್ರೂ ಹಾಕುವುದೂ ಬೇಡ.

ಈಗ ಅಂಟಿಸುವ ಕೆಲಸ.

ಮೊದಲು ವೀಲ್‌ನ ಆರೋಗ್ಯ ನೋಡಿ. ಉಳಿದ ಮ್ಯಾಗ್ನೆಟ್‌ಗಳಿಗೆ ಪೆಟ್ಟಾಗದಂತೆ ವೀಲನ್ನು ನಡುವಿನ ತೂತಿನಿಂದ ಒಂದು ಹಗ್ಗಕ್ಕೆ ನೇತು ಹಾಕಿ, ಸ್ಪ್ಯಾನರ್ ಹಿಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಠಣ್ ಅಂತ ಗುಂಯ್‌ಗುಟ್ಟಿದರೆ ಒಳ್ಳೆಯದು. ಡಬ್ ಅಂತ ಸತ್ತ ಸದ್ದು ಬಂದರೆ ಬಿರುಕು ಹುಡುಕಿ. ಸಡಿಲ ಮ್ಯಾಗ್ನೆಟ್‌ನಿಂದಲೂ ಸದ್ದು ಸಾಯುತ್ತೆ, ಅದಕ್ಕೆ ಅಲ್ಲಾಡುವುದನ್ನು ತೆಗೆದ ಮೇಲೆ ತಟ್ಟಿ. ಕೀ (ವೀಲ್‌ಗೂ ಕ್ರ್ಯಾಂಕ್‌ಗೂ ನಡುವೆ ಇಡುವ ಸಣ್ಣ ಲೋಹದ ತುಂಡು) ಕೂರುವ ಸೀಳಿನ ಮೂಲೆಯಿಂದ ಬಿರುಕು ಶುರುವಾಗುವುದು ಜಾಸ್ತಿ. ಅಲ್ಲಿ ಸೀಮೆಎಣ್ಣೆ ಹಚ್ಚಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಎಣ್ಣೆ ಗೆರೆಯಾಗಿ ಮೇಲೆ ಬರುತ್ತೆ. ಗೆರೆ ಕಂಡರೆ ಮುಂದಿನದು ಓದುವುದೇ ಬೇಡ, ಆ ವೀಲ್ ಗುಜರಿಗೆ.

ಅಲ್ಲಾಡುವ ಎರಡನೇ ಮ್ಯಾಗ್ನೆಟ್ ತೆಗೆಯುವ ಮುಂಚೆ ಗುರುತು ಮಾಡಿ. ಅದರ ಎರಡೂ ಅಂಚಿಗೆ ಸರಿಯಾಗಿ ವೀಲ್ ಮೇಲೆ ಮೊಳೆಯಿಂದ ಗೀರು ಹಾಕಿ. ಯಾವ ತುದಿ ಎಡಕ್ಕಿತ್ತು, ಯಾವುದು ಮೇಲಕ್ಕಿತ್ತು ಅಂತ ಬಣ್ಣದಲ್ಲಿ ಚುಕ್ಕೆ ಇಡಿ. ಮೊಬೈಲಲ್ಲಿ ಫೋಟೋ ತೆಗೆಯಿರಿ. ಪೂರ್ತಿ ಕಳಚಿದ್ದಕ್ಕೆ ಹಳೇ ಅಂಟಿನ ಕಲೆಯೇ ಗುರುತು, ಅದನ್ನು ಕೆರೆಯುವ ಮುಂಚೆ ಅಲ್ಲೂ ಗೀರು ಹಾಕಿಬಿಡಿ. 7 ಸೆಂಟಿಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ ಅಂಚಿನಲ್ಲಿ ಬರೀ 1.2 ಮಿಲಿಮೀಟರ್. 5 ಮಿಲಿಮೀಟರ್ ಆಚೀಚೆ ಆದರೆ ನಾಲ್ಕು ಡಿಗ್ರಿ ಹೋಯಿತು. ನಿಮ್ಮದು ಪಾಯಿಂಟ್ ಎಂಜಿನ್ ಆದ್ದರಿಂದ ಟೈಮಿಂಗ್ ಬದಲಾಗುವುದಿಲ್ಲ, ಕಿಡಿ ಮಾತ್ರ ಸಪ್ಪೆಯಾಗುತ್ತೆ. ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಾಯಿಲ್ ಇರುವವರಿಗೆ ಇದು ಇನ್ನೂ ಸೂಕ್ಷ್ಮ. ಅಲ್ಲಿ ಮ್ಯಾಗ್ನೆಟ್ ಹಾದುಹೋಗುವುದೇ ಟೈಮಿಂಗ್, ಅದು ಸರಿದರೆ ಹಗ್ಗ ಹಿಂದಕ್ಕೆ ಜಗ್ಗಿ ಮಣಿಕಟ್ಟು ಉಳುಕುತ್ತೆ.

ಮುಖ ಯಾವ ಕಡೆ ಅಂತ ತಿಳಿಯುವುದು ಹೀಗೆ. ಮಕ್ಕಳ ಆಟದ ಚಿಕ್ಕ ಮ್ಯಾಗ್ನೆಟ್ ಒಂದನ್ನು ದಾರಕ್ಕೆ ಕಟ್ಟಿ, ಒಂದು ಮುಖಕ್ಕೆ ಬಣ್ಣ ಹಚ್ಚಿ. ಗಟ್ಟಿಯಾಗಿ ಕೂತಿರುವ ಮ್ಯಾಗ್ನೆಟ್ ಒಂದರ ಒಳಮುಖಕ್ಕೆ ಬಣ್ಣದ ಮುಖ ಹಿಡಿಯಿರಿ. ಎಳೆದುಕೊಂಡರೆ, ಅದರ ಎದುರುಬದುರು ಇರುವುದೂ ಎಳೆದುಕೊಳ್ಳಬೇಕು, ಅಕ್ಕಪಕ್ಕದ ಎರಡೂ ದೂಡಬೇಕು. ಕಳಚಿದ್ದನ್ನು ಅದರ ಎದುರಿನ ಮ್ಯಾಗ್ನೆಟ್ ಹೇಗೆ ನಡೆದುಕೊಳ್ಳುತ್ತೋ ಹಾಗೇ ನಡೆದುಕೊಳ್ಳುವಂತೆ ಕೂರಿಸಿ. ಬಾಗಿರುವ ತುಂಡಾದರೆ ಒಳಹೊರಗು ತಪ್ಪುವುದು ಕಷ್ಟ. ಆದರೆ ಎರಡನ್ನೂ ತೆಗೆದಿಟ್ಟು ಅದಲುಬದಲು ಮಾಡುವುದು ತುಂಬಾ ಸುಲಭ. ಅಕ್ಕಪಕ್ಕದವು ಅದಲುಬದಲಾದರೆ ಕಿಡಿ ಬರುವುದೇ ಇಲ್ಲ, ನೀವು ಕಾಯಿಲ್ ಹೋಯಿತು ಅಂತ ಹೊಸ ಕಾಯಿಲ್ ತರುತ್ತೀರಿ.

ಮೂಲೆ ಚೂರು ಹೋಗಿರುವುದಕ್ಕೆ ಚಿಂತೆ ಬೇಡ. ಕಡಲೆಬೇಳೆಯಷ್ಟು ಹೋದರೆ ಕಿಡಿಗೆ ಏನೂ ವ್ಯತ್ಯಾಸ ಇಲ್ಲ. ಆದರೆ ಆ ಚೂರು ಎಲ್ಲಿ ಹೋಯಿತು ಅಂತ ಹುಡುಕಿ. ಕಾಯಿಲ್ ಹಿಂದೆಯೋ ಪಾಯಿಂಟ್ ಹತ್ತಿರವೋ ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತೆ. ಮ್ಯಾಗ್ನೆಟ್ ಎರಡು ತುಂಡಾಗಿದ್ದರೂ ಅಂಟಿಸಬಹುದು. ಒಂದು ವಿಚಿತ್ರ ಏನಂದರೆ ತುಂಡುಗಳನ್ನು ಮೊದಲಿನಂತೆ ಜೋಡಿಸಲು ಹೋದರೆ ಅವು ಒಂದನ್ನೊಂದು ದೂಡುತ್ತವೆ. ತಿರುಗಿಸಿ ಹಿಡಿದರೆ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಕಚ್ಚಿಕೊಳ್ಳುವುದೇ ಸರಿ ಅಂತ ಅಂಟಿಸಿದವರನ್ನು ನೋಡಿದ್ದೇನೆ. ಅದು ತಪ್ಪು. ದೂಡುವುದೇ ಸರಿ, ಒತ್ತಿ ಹಿಡಿದು ಅಂಟಿಸಬೇಕು. ಪುಡಿಪುಡಿ ಆಗಿದ್ದರೆ ಮಾತ್ರ ಬೇರೆ ವೀಲ್ ನೋಡಿ.

ಅಂಟು ಯಾವುದು? ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಪಾಕ್ಸಿ, ಅಂದರೆ ನಾವು ಅರಲ್ಡೈಟ್ ಅಂತ ಕರೆಯುವ ಥರದ್ದು, ತಣ್ಣಗಿರುವಾಗ ಚೆನ್ನಾಗಿ ಹಿಡಿಯುತ್ತೆ. ಆದರೆ 60-70 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ಐದು ನಿಮಿಷದಲ್ಲಿ ಗಟ್ಟಿಯಾಗುವುದಂತೂ ಬೇಡವೇ ಬೇಡ. ಲೋಹಕ್ಕೆ ಹಾಕುವ, ಎರಡು ಟ್ಯೂಬ್ ಬೆರೆಸುವ, ಪ್ಯಾಕಿನ ಮೇಲೆ 120 ಡಿಗ್ರಿ ಅಥವಾ ಜಾಸ್ತಿ ತಡೆಯುತ್ತೆ ಅಂತ ಬರೆದಿರುವ ಎಪಾಕ್ಸಿ ಕೇಳಿ. ದಾವಣಗೆರೆಯಲ್ಲಿ ಬೇರಿಂಗ್, ಆಯಿಲ್ ಸೀಲ್ ಮಾರುವ ಅಂಗಡಿಗಳಲ್ಲಿ ವಿಚಾರಿಸಿ, ಸ್ಟೇಷನರಿ ಅಂಗಡಿಯಲ್ಲಿ ಅಲ್ಲ. ಮೋಟಾರ್ ಮ್ಯಾಗ್ನೆಟ್‌ಗೆಂದೇ ಬರುವ ಲಾಕ್‌ಟೈಟ್ 326 ಒಳ್ಳೆಯದೇ, ಆದರೆ ಅದನ್ನು ಗಟ್ಟಿಯಾಗಿಸಲು ಆಕ್ಟಿವೇಟರ್ ಅನ್ನುವ ಬೇರೆ ದ್ರವ ಬೇಕು, ಮೈ ಎರಡೂ ಕೂಡಿಕೊಂಡು ಕೂರಬೇಕು. ತುಕ್ಕು ತಿಂದು ಗುಳಿ ಬಿದ್ದ ವೀಲ್‌ಗೆ ಎಪಾಕ್ಸಿಯೇ ವಾಸಿ, ಅದು ಗುಳಿ ತುಂಬುತ್ತೆ.

ಅಂಟಿಗಿಂತ ಮೈ ತಿಕ್ಕುವುದೇ ಮುಖ್ಯ. ಹಳೇ ಅಂಟು, ತುಕ್ಕು ಎಲ್ಲ ಕೆರೆದು, 80 ನಂಬರ್ ಎಮರಿ ಪೇಪರ್‌ನಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ತಿಕ್ಕಿ. ಬೆಂಕಿ ಹಿಡಿದು ಅಂಟು ಸುಡಬೇಡಿ. ಮ್ಯಾಗ್ನೆಟ್‌ನ ಬೆನ್ನನ್ನೂ ಮೇಲೆಮೇಲೆ ತಿಕ್ಕಿ. ಆಮೇಲೆ ಅಸಿಟೋನ್ ಅಥವಾ ಒಳ್ಳೆ ಥಿನ್ನರ್‌ನಲ್ಲಿ ಬಿಳಿ ಬಟ್ಟೆ ಅದ್ದಿ ಒರೆಸಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವ ತನಕ ಒರೆಸಿ. ಪೆಟ್ರೋಲ್ ಬೇಡ, ಆರಿದ ಮೇಲೂ ಎಣ್ಣೆ ಜಿಡ್ಡು ಬಿಡುತ್ತೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಮೋಡ ಕವಿದು ಜಿಟಿಜಿಟಿ ಇರುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ, ತಿಕ್ಕಿದ ಕಬ್ಬಿಣಕ್ಕೆ ಸಂಜೆಯೊಳಗೆ ಮತ್ತೆ ತುಕ್ಕಿನ ಪೊರೆ ಬರುತ್ತೆ.

ಅಂಟು ಹಚ್ಚುವ ಮುಂಚೆ ಒಮ್ಮೆ ಒಣಗಿದ್ದಾಗಲೇ ಜೋಡಿಸಿ ನೋಡಿ. ಅಲ್ಲಿ ನಿಮಗೆ ಒಂದು ತೊಂದರೆ ಕಾಣುತ್ತೆ. ಅಕ್ಕಪಕ್ಕದ ಮ್ಯಾಗ್ನೆಟ್‌ಗಳ ಮುಖ ವಿರುದ್ಧ ಆದ್ದರಿಂದ ಅವು ಒಂದರ ಕಡೆ ಒಂದು ಸರಿಯುತ್ತವೆ. ಅಂಟು ಹಸಿ ಇರುವಾಗ ಬಿಟ್ಟರೆ ಬೆಳಗ್ಗೆ ನೋಡುವಷ್ಟರಲ್ಲಿ ಗೀರು ಬಿಟ್ಟು ಆಚೆ ಹೋಗಿರುತ್ತೆ. ಅದಕ್ಕೆ ನಡುವಿನ ಸಂದಿನ ಅಳತೆಗೆ ಮರದ ತುಂಡು ಕೆತ್ತಿ ಇಟ್ಟುಕೊಳ್ಳಿ. ತುಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಅಂಟಿಗೆ ಹಿಡಿಯುವುದಿಲ್ಲ. ಕಬ್ಬಿಣದ ತುಂಡು ಬೇಡ.

ಅಂಟನ್ನು ಪ್ಯಾಕಿನಲ್ಲಿ ಹೇಳಿದ ಅಳತೆಗೇ ಬೆರೆಸಿ. ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವ ಚಾಳಿ ಇದೆ, ಅದರಿಂದ ಅಂಟು ದುರ್ಬಲವೇ ಆಗುತ್ತೆ. ಎರಡೂ ಮೈಗೆ ತೆಳ್ಳಗೆ ಸವರಿ, ಮ್ಯಾಗ್ನೆಟ್ಟನ್ನು ಒಂದು ಅಂಚಿನಿಂದ ಜಾರಿಸುತ್ತಾ ಕೂರಿಸಿ. ನೇರ ಬಿಟ್ಟರೆ ಪಟ್ ಅಂತ ಬಡಿದು ಇನ್ನೊಂದು ಮೂಲೆ ಹೋಗುತ್ತೆ. ಬೆರಳೂ ಜಜ್ಜುತ್ತೆ. ಅಂಟು ದಪ್ಪ ಆದರೆ ಮ್ಯಾಗ್ನೆಟ್ ಒಳಕ್ಕೆ ಬಂದು ಕೋರ್‌ಗೆ ತಾಗುತ್ತೆ. ಆಚೆ ಬಂದ ಅಂಟನ್ನು ಒಳಮುಖದಿಂದ ಪೂರ್ತಿ ಒರೆಸಿ, ಸಂದಿನಲ್ಲಿ ಮಾತ್ರ ಬಿಡಿ. ವೀಲನ್ನು ಚಪ್ಪಟೆ ಮಲಗಿಸಿ 24 ಗಂಟೆ ಮುಟ್ಟಬೇಡಿ. ಮಾರನೇ ದಿನ ಮರದ ತುಂಡು ತೆಗೆದು, ನಾಲ್ಕೂ ಸಂದಿನ ಬುಡಕ್ಕೆ ಅದೇ ಅಂಟನ್ನು ಒಂದೇ ಸಮ ತುಂಬಿ. ಪಕ್ಕಕ್ಕೆ ಜಾರುವುದನ್ನು ಅದು ತಡೆಯುತ್ತೆ. ಒಂದೇ ಕಡೆ ತುಂಬಿದರೆ ತೂಕ ತಪ್ಪುತ್ತೆ. ಮತ್ತೊಂದು ದಿನ ಒಣಗಲಿ.

ಗಟ್ಟಿ ಇರುವ ಉಳಿದ ಎರಡು ಮ್ಯಾಗ್ನೆಟ್ ಏನು ಮಾಡೋದು ಅಂತ ಕೇಳಬಹುದು. ಹೆಬ್ಬೆರಳಲ್ಲಿ ಬಲವಾಗಿ ದೂಡಿ ನೋಡಿ. ಅಲುಗದಿದ್ದರೆ ಕೀಳಬೇಡಿ, ಅಂಚಿಗೆ ಅಂಟು ತುಂಬಿದರೆ ಸಾಕು.

ವಾಪಸ್ ಕೂರಿಸುವಾಗ ಕೋರ್‌ನ ತುದಿಗಳಿಗೆ ಸ್ಕೆಚ್ ಪೆನ್ ಬಣ್ಣ ಹಚ್ಚಿ. ವೀಲ್ ಕೂರಿಸಿ, ನಟ್ ಬಿಗಿದು, ಪ್ಲಗ್ ತೆಗೆದು ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ನೋಡಿ. ಬಣ್ಣ ಹಾಗೇ ಇದ್ದರೆ ಸರಿ. ಅಳಿಸಿದ್ದರೆ ಎಲ್ಲಿ ತಾಗುತ್ತಿದೆ ಅಂತ ಅದೇ ತೋರಿಸುತ್ತೆ. ಬಿಚ್ಚುವುದು ಪುಲ್ಲರ್‌ನಲ್ಲೇ. ವಿಲಿಯರ್ಸ್ ಕಂಪನಿ ಥರದ ಎಂಜಿನ್ ಆದರೆ ನಡುವಿನ ನಟ್ಟೇ ಪುಲ್ಲರ್ ಕೆಲಸ ಮಾಡುತ್ತೆ. ಸಡಿಲ ಆಗಿ, ಅರ್ಧ ಸುತ್ತು ಬಂದು, ಮತ್ತೆ ಬಿಗಿಯಾಗುತ್ತೆ. ನಟ್ ಕಚ್ಚಿಕೊಂಡಿತು ಅಂತ ಸುತ್ತಿಗೆ ತಗೋಬೇಡಿ. ಇನ್ನೊಂದು ಸಲ ಬಿಗಿಯಾದಾಗಲೇ ಅದು ವೀಲ್ ಎಳೆಯುತ್ತಿರುವುದು.

ಕ್ರ್ಯಾಂಕ್‌ನ ಇಳಿಜಾರು ತುದಿಗೂ ವೀಲ್‌ನ ತೂತಿಗೂ ಗ್ರೀಸ್, ಆಯಿಲ್ ಏನೂ ಇರಬಾರದು. ಒಣ ಮೈಗೆ ಒಣ ಮೈ ಬಿಗಿಯಾಗಬೇಕು. ವೀಲನ್ನು ಹಿಡಿದಿಡುವುದು ಆ ಬಿಗಿತ, ಕೀ ಅಲ್ಲ. ಕೀ ಇರುವುದು ಜಾಗ ತೋರಿಸಲು ಮಾತ್ರ. ಅದು ಅರ್ಧ ಕತ್ತರಿಸಿದಂತೆ ಮೆಟ್ಟಿಲು ಬಿದ್ದಿದ್ದರೆ ಹೊಸದು ಹಾಕಿ, ಕಬ್ಬಿಣದ ಕಡ್ಡಿ ಉಜ್ಜಿ ಹಾಕಬೇಡಿ. ವೀಲ್ ಬಿಚ್ಚಿದ್ದೀರಿ ಅಂದಮೇಲೆ ಪಾಯಿಂಟ್ ಮೈಯನ್ನೂ ಒರೆಸಿ, ಸಂದು ಫೀಲರ್ ಗೇಜ್‌ನಲ್ಲಿ ನೋಡಿಬಿಡಿ. ಈ ಥರದ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 0.35 ರಿಂದ 0.4 ಮಿಲಿಮೀಟರ್. ಪಾಯಿಂಟ್ ಸುಟ್ಟು ನೀಲಿಗಟ್ಟಿದ್ದರೆ ಕಂಡೆನ್ಸರ್ ಬದಲಿಸಿ.

ಮೊದಲ ಸಲ ಓಡಿಸುವಾಗ ಕವರ್ ಹಾಕಿಯೇ ಓಡಿಸಿ. ವೀಲ್ ತಿರುಗುವ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರ ಬೇಡ. ಮೊದಲು ಪಂಪಿನ ಭಾರ ಇಲ್ಲದೆ ನಿಧಾನ ವೇಗದಲ್ಲಿ ಐದು ನಿಮಿಷ, ನಿಲ್ಲಿಸಿ, ಕೈಯಲ್ಲಿ ತಿರುಗಿಸಿ ಸದ್ದು ಕೇಳಿ. ಆಮೇಲೆ ಮಾಮೂಲಿ ವೇಗ. ಔಷಧದ ಪ್ರೆಷರ್ ಸಾಲದು ಅಂತ ವೇಗ ಹತೋಟಿಯಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಎಳೆದು ಕಟ್ಟಿದ್ದರೆ ಬಿಚ್ಚಿ. ವೇಗದ ಲೆಕ್ಕ ಮೇಲೆ ಹೇಳಿದ್ದೇನಲ್ಲ, ಅದು ಮ್ಯಾಗ್ನೆಟ್‌ಗೆ ಮಾತ್ರ ಅಲ್ಲ, ಇಡೀ ವೀಲ್‌ಗೂ ಅನ್ವಯಿಸುತ್ತೆ.

ಇಷ್ಟು ತಾಳ್ಮೆ ಇಲ್ಲ, ಅಥವಾ ವೀಲ್‌ನಲ್ಲಿ ಬಿರುಕಿದೆ ಅಂದರೆ ಹಳೇ ವೀಲ್ ಹುಡುಕಬಹುದು. ಇಂಥ ಎಂಜಿನ್‌ಗಳು ಚಾನಲ್ ಬಯಲಿನಲ್ಲಿ ಮನೆಗೊಂದು ಇದ್ದ ಕಾಲ ಇತ್ತು, ಈಗ ಅವೆಲ್ಲ ಕೊಟ್ಟಿಗೆಯಲ್ಲೋ ಗುಜರಿಯಲ್ಲೋ ಇವೆ. ಆದರೆ ನೋಡಲು ಒಂದೇ ಥರ ಇದ್ದರೆ ಸಾಲದು. ಕ್ರ್ಯಾಂಕ್‌ನ ಇಳಿಜಾರು, ಕೀ ಕೂರುವ ಸೀಳಿನಿಂದ ಮ್ಯಾಗ್ನೆಟ್‌ಗೆ ಇರುವ ದೂರ, ಒಳ ಅಳತೆ ಮೂರೂ ಹೊಂದಬೇಕು. ನಿಮ್ಮ ವೀಲನ್ನು ಜೊತೆಗೆ ತಗೊಂಡೇ ಹೋಗಿ. ಇಳಿಜಾರು ಸ್ವಲ್ಪ ಸವೆದಿದ್ದರೆ ಗ್ರೈಂಡಿಂಗ್ ಪೇಸ್ಟ್ ಹಾಕಿ ತಿರುಗಿಸಿ ಕೂರಿಸಿಕೊಳ್ಳಬಹುದು. ಜಾಸ್ತಿ ಸವೆದಿದ್ದರೆ ಲೇತ್ ಕೆಲಸ. ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ತಯಾರಿಸುತ್ತಿದ್ದ ಹರಿಹರದ ಸುತ್ತ ಇಂಥ ಕೆಲಸಕ್ಕೆ ಒಳ್ಳೇ ಟರ್ನರ್‌ಗಳು ಇನ್ನೂ ಸಿಗುತ್ತಾರೆ. ಆದರೆ ಅವರು ಹೇಳುವ ಕೂಲಿ ಕೇಳಿ, ಆ ದುಡ್ಡಿಗೆ ಹಳೇ ಎಂಜಿನ್ನೇ ಇನ್ನೊಂದು ಬರುತ್ತಾ ಅಂತ ಒಮ್ಮೆ ಯೋಚಿಸಿ.

ನಿಮ್ಮ ಕಂಪ್ರೆಷನ್ ಚೆನ್ನಾಗಿದ್ದು, ಕ್ರ್ಯಾಂಕ್ ಅಲುಗಾಡದಿದ್ದರೆ ನಾನಾದರೆ ಅಂಟಿಸಿಯೇ ಓಡಿಸುತ್ತೇನೆ. ಖರ್ಚು ಕೆಲವು ನೂರು ರೂಪಾಯಿ. ಹತ್ತು ಗಂಟೆ ಕೆಲಸ ಆದಮೇಲೆ ಒಮ್ಮೆ ವೀಲ್ ಬಿಚ್ಚಿ, ಅಂಟಿನ ಅಂಚಿಗೆ ಉಗುರು ಹಾಕಿ ನೋಡಿ. ಕೂದಲೆಳೆಯಷ್ಟು ಗೆರೆ ಬಿಟ್ಟಿದ್ದರೂ ಆ ಮ್ಯಾಗ್ನೆಟ್ ಕಿತ್ತು ಮೊದಲಿನಿಂದ ಅಂಟಿಸಬೇಕು, ಮೇಲಿಂದ ಅಂಟು ಸವರಿದರೆ ನಿಲ್ಲುವುದಿಲ್ಲ. ಗೆರೆ ಇಲ್ಲದಿದ್ದರೆ ಇನ್ನು ಮಳೆಗಾಲದ ಔಷಧ ಸೀಸನ್ ಮುಗಿದ ಮೇಲೆ ನೋಡಿದರೆ ಸಾಕು.